ಗಂಧದೆಣ್ಣೆಯ ವ್ಯಾಪಾರ



ಕನ್ನಡನಾಡಿಗೆ ಶ್ರೀಗಂಧದ ನಾಡೆಂಬ ಹೆಸರು ಬಹುಕಾಲದಿಂದ ಸಂದಿದೆ. ಆದರೆ ಗಂಧವನ್ನು ಬೆಳೆಯುವ ನಾಡು ಒಂದು, ಅದರ ಎಣ್ಣೆಗೆ ಬೆಲೆ ಕಟ್ಟುವ ನಾಡು ಮತ್ತೊಂದು ಎಂಬ ಸ್ಥಿತಿ ಬಹು ದಿನ ನಡೆದುಬಂದಿತು. ಆ ಸ್ಥಿತಿ ಬದಲಾದ ಬಗೆಯನ್ನೂ, ಅದಕ್ಕಾಗಿ ನಾವು ತೆತ್ತುದನ್ನೂ ಈ ಹೊತ್ತು ವಿಚಾರ ಮಾಡೋಣ.

ಸುಗಂಧದ ಸಗಟು ವ್ಯಾಪಾರದಲ್ಲಿ ಗಂಧದೆಣ್ಣೆಯ ಸ್ಥಾನ ವಿಶಿಷ್ಟವಾದುದು. ಅದು ತಾನೇ ಒಂದು ಪರಿಮಳ. ಇತರ ಪರಿಮಳಗಳಿಗೆ ಆಶ್ರಯವೂ ಹೌದು. ಕನೌಜಿನ ಅತ್ತರಿನವರು ಗುಲಾಬಿ, ಮಲ್ಲಿಗೆ, ಕೇದಗೆಗಳನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಆವಿಯನ್ನು ಬಿದಿರಿನ ನಳಿಗೆಯ ಮೂಲಕ ಗಂಧದೆಣ್ಣೆಯ ಪಾತ್ರೆಗೆ ಇಳಿಸುವುದು ಹಳೆಯ ಪದ್ಧತಿ. ಹೂವಿನ ವಾಸನೆ ಬೇಗ ಹಾರಿಹೋಗುವಂಥದು. ಗಂಧದೆಣ್ಣೆ ಅದನ್ನು ಹಿಡಿದು ನಿಲ್ಲಿಸುತ್ತದೆ. ಆದುದರಿಂದ ಈ ಎಣ್ಣೆ ಯಾರ ಕೈಯಲ್ಲಿರುವುದೋ ಅವರ ಮಾತು ಪೇಟೆಯಲ್ಲಿ ನಡೆಯುವುದು ಸಹಜ.

ಮೈಸೂರಿನಲ್ಲಿ ಟೀಪೂ ಸುಲ್ತಾನನು 1792ರಲ್ಲಿ ಗಂಧವನ್ನು ರಾಜವೃಕ್ಷವೆಂದು ಸಾರಿದನೆಂದು ಹೇಳುತ್ತಾರೆ. ಅನಂತರದ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ಕಾಡಿನಿಂದ ಬೇರುಸಹಿತ ಕಿತ್ತು ತಂದ ಮರಗಳ ಬಿಳಿಯ ಭಾಗವನ್ನು ಕೆತ್ತಿ ತೆಗೆದು, ಚೇಗನ್ನು ದರ್ಜೆವಾರು ವಿಂಗಡಿಸಿ, ಗಂಧದ ಕೋಠಿಗಳಲ್ಲಿ ಹರಾಜು ಮಾಡುತ್ತಿದ್ದರು. ಮಾಲಿನ ಬಹುಭಾಗ ಪರದೇಶಕ್ಕೆ, ಮುಖ್ಯವಾಗಿ ಜರ್ಮನಿಗೆ, ಹೋಗುತ್ತಿದ್ದಿತು. ಎಣ್ಣೆ ತೆಗೆಯುವ ವಿದ್ಯೆಯೂ, ಅದರ ಲಾಭವೂ ಅಲ್ಲಿಯೇ ಉಳಿಯುತ್ತಿದ್ದವು.

1914ರಲ್ಲಿ ಮಹಾಯುದ್ಧ ಆರಂಭವಾಯಿತು. ಕೊಳ್ಳುವವರಿಲ್ಲದೆ ಗಂಧ ಕೋಠಿಗಳಲ್ಲಿಯೇ ನಿಂತಿತು. ಬೊಕ್ಕಸದ ಒಂದು ದೊಡ್ಡ ವರಮಾನಕ್ಕೆ ಧಕ್ಕೆಯೊದಗಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರವರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಕೈಗಾರಿಕಾ ಇಲಾಖೆಯ ಆಲ್ಫ್ರೆಡ್ ಚಾಟರ್ಟನ್ನರ ಪ್ರಯತ್ನದಿಂದಲೂ, ಬೆಂಗಳೂರಿನ ವಿಜ್ಞಾನಮಂದಿರದ ಸಡ್‌ಬರೋ ಮತ್ತು ವಾಟ್ಸನ್ ಎಂಬ ರಸಾಯನಜ್ಞರ ಪ್ರಯೋಗಗಳಿಂದಲೂ ಇಲ್ಲಿಯೇ ಎಣ್ಣೆ ಇಳಿಸುವುದು ಸಾಧ್ಯವಾಯಿತು. 1916ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ, 1944ರಲ್ಲಿ ಶಿವಮೊಗ್ಗದಲ್ಲಿಯೂ ಕಾರ್ಖಾನೆಗಳು ತಲೆಯೆತ್ತಿದವು. ಕಟ್ಟಿಗೆಯನ್ನು ಪುಡಿಮಾಡಿ ಹಬೆಯಲ್ಲಿ ಭಟ್ಟಿ ಇಳಿಸಿದರೆ 100 ಪೌಂಡಿಗೆ ಸುಮಾರು 4-5 ಪೌಂಡು ಎಣ್ಣೆ ದೊರೆಯುತ್ತದೆ. ಕಟ್ಟಿಗೆಯನ್ನು ಮಾರುತ್ತಿದ್ದ ಸಂಸ್ಥಾನವು ಎಣ್ಣೆಯನ್ನೇ ಮಾರುವ ಸಗಟು ವರ್ತಕನಾಯಿತು.

ಇದು ನಾವು ಹೆಮ್ಮೆಪಡುವ ಚರಿತ್ರೆ. ಆದರೆ ಅದಕ್ಕೆ ಇನ್ನೊಂದು ಮುಖವುಂಟು. ರೈತನ ಹೊಲದ ಬದುವಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ಹುಟ್ಟಿದ ಮರವೂ ಸರ್ಕಾರದ ಸ್ವತ್ತೇ ಆಗಿದ್ದಿತು. ಮರ ಕಳುವಾದರೆ ಅವನಿಗೆ ವಿಚಾರಣೆಯ ಭಯ. ಬೆಳೆದರೆ ಅವನಿಗೆ ಸಿಗುವುದು ಅಲ್ಪ. ಹೀಗಿರಲಾಗಿ ಸಸಿಯನ್ನು ಕಂಡೊಡನೆ ಕಿತ್ತೊಗೆದವರಿದ್ದರೆ ಆಶ್ಚರ್ಯವೇನು? ಇತ್ತ ಕಾಡಿನಲ್ಲಿ, 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಸ್ಪೈಕ್ ರೋಗವೂ, ಕಳ್ಳರ ಕೊಡಲಿಯೂ ಮರಗಳನ್ನು ತಿಂದುಹಾಕಿದವು. ಕಾರ್ಖಾನೆ ಇದ್ದೂ ಕಟ್ಟಿಗೆ ಸಾಲದ ಕಾಲ ಬಂದಿತು.

ಕೊನೆಗೆ 2001ರಲ್ಲಿ ಕರ್ನಾಟಕದ ಅರಣ್ಯ ಕಾನೂನು ತಿದ್ದುಪಡಿಯಾಗಿ, ಜಮೀನಿನ ಒಡೆಯನೇ ತನ್ನ ಗಂಧದ ಮರಕ್ಕೂ ಒಡೆಯನಾದನು. ಮಾರಾಟದ ಕಟ್ಟುಪಾಡುಗಳು ಮಾತ್ರ ಉಳಿದವು. ಪರರ ಕೈಯಲ್ಲಿದ್ದ ವ್ಯಾಪಾರವನ್ನು ನಾಡಿಗೆ ತಂದವರು ದೂರದರ್ಶಿಗಳು, ಸಂದೇಹವಿಲ್ಲ. ಆದರೆ ಮರವನ್ನು ಕಾಯುವವನಿಗೆ ಅದರ ಪರಿಮಳದಲ್ಲಿ ಪಾಲಿಲ್ಲದಿದ್ದರೆ ಎಂಥ ಭಟ್ಟಿಯೂ ಒಂದು ದಿನ ತಣ್ಣಗಾಗುವುದು. ಗಂಧದ ಕೋಠಿಗಳ ಚರಿತ್ರೆ ನಮಗೆ ಹೇಳುವ ಮಾತು ಇದು.