ಕೂಡುವ ಕಟ್ಟೆ ಯಾರದು? ಉಮರ್ಗಾ, ನಿಲಂಗಾ, ಉದಗೀರ ಭಾಗದ ಒಂದು ಕನ್ನಡ ಬಳಗ ಮತ್ತು ಚರ್ಚಾವೇದಿಕೆಯ ತಂತ್ರಾಂಶ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾತಾಡಿದ್ದರ ಬರಹರೂಪ. ಮಾತಿನ ಧಾಟಿಯನ್ನು ಅಲ್ಲಲ್ಲಿ ಹಾಗೆಯೇ ಉಳಿಸಿಕೊಂಡಿದ್ದೇನೆ.)

ನನ್ನ ಧ್ವನಿ ಕೇಳಿಸ್ತದಲ್ಲ? ವಿಷಯದ ಹೆಸರು ನೋಡಿ ಕೆಲವು ಗೆಳೆಯರು, "ಕನ್ನಡ ಎಂ.ಎ. ಓದೋರಿಗೆ ಸಾಫ್ಟ್‌ವೇರಿನ ಉಸಾಬರಿ ಯಾಕ?" ಅಂತ ನಿನ್ನೆಯೇ ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ನನ್ನ ತಾಯಿಯ ತವರು ಉಮರ್ಗಾ ತಾಲೂಕಿನ ಒಂದು ಹಳ್ಳಿ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ಇರುವ, ಅಲ್ಲಿಂದ ಹೊರಟು ಪುಣೆ, ಸೋಲಾಪುರ, ಹೈದರಾಬಾದ್ ಸೇರಿರುವ, ಮನೆಯಲ್ಲಿ ಕನ್ನಡ ಮಾತಾಡುವ ನಲವತ್ತೊಂದು ಜನರ ಬಳಗ ನಮ್ಮದು. ಅದಕ್ಕೆ ಹೆಸರಿಲ್ಲ, ನೋಂದಣಿ ಇಲ್ಲ. ಬೀಸುವ ಪದ, ಒಗಟು, ಊರಿನ ಸುದ್ದಿ, ಯಾರ ಮನೆಯ ಮದುವೆ ಯಾವಾಗ, ಇಷ್ಟೇ ಅದರ ವಹಿವಾಟು. ಈ ಜನ ಆಡಿದ ಮಾತನ್ನು ಎಲ್ಲಿ ಕೂಡಿಡಬೇಕು ಎಂಬ ಪ್ರಶ್ನೆ ಎದುರಾದಾಗ, ಅದರ ಬೇರು ಬಹಳ ಹಿಂದಕ್ಕೆ ಹೋಗ್ತದ ಅಂತ ನನಗೆ ಅನಿಸಿತು. ಆ ಬೇರಿನಿಂದಲೇ ಶುರು ಮಾಡುತ್ತೇನೆ.

1956ರ ನವೆಂಬರ್ 1ರ ತನಕ ನಿಲಂಗಾ ಮತ್ತು ಉದಗೀರ ಬೀದರ ಜಿಲ್ಲೆಯ ತಾಲೂಕುಗಳು. ಅದೇ ಜಿಲ್ಲೆಯ ಅಹಮದಪುರವೂ ಸೇರಿ ಮೂರು ತಾಲೂಕು ಉಸ್ಮಾನಾಬಾದ್ ಜಿಲ್ಲೆಗೆ, ಅಂದರೆ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ ಹೋದವು. ಉಳಿದದ್ದು ಮೈಸೂರಿಗೆ. ಉಮರ್ಗಾ ಮೊದಲಿನಿಂದಲೂ ಉಸ್ಮಾನಾಬಾದ್ ಜಿಲ್ಲೆಯದೇ. 1982ರಲ್ಲಿ ಲಾತೂರ್ ಜಿಲ್ಲೆ ಆದಾಗ ನಿಲಂಗಾ, ಉದಗೀರ ಅದರ ಪಾಲಾದವು, ಉಮರ್ಗಾ ಇದ್ದಲ್ಲೇ ಉಳಿಯಿತು. ಆ ಜಿಲ್ಲೆಯ ಹೆಸರು ಈಗ ಧಾರಾಶಿವ. ಹೀಗಾಗಿ ನಮ್ಮ ಬಳಗದ ಹಿರಿಯರೊಬ್ಬರು ಒಂದೇ ಮನೆಯಲ್ಲಿ ಕೂತು ಮೂರು ರಾಜ್ಯ ಕಂಡಿದ್ದಾರೆ. ಹೈದರಾಬಾದ್, ಮುಂಬಯಿ, 1960ರಿಂದ ಮಹಾರಾಷ್ಟ್ರ. ಮನೆ ಮಾತ್ರ ಕದಲಲಿಲ್ಲ.

ಮಾತು ಕದಲದಿದ್ದರೂ ಅಕ್ಷರ ಕದಲಿತು. ನಮ್ಮ ಅಜ್ಜನ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಮುತ್ತಜ್ಜನ ಲೆಕ್ಕದ ಚೀಟಿಗಳು ಮೋಡಿ ಲಿಪಿಯಲ್ಲಿ ಅದಾವ. ನಿಜಾಮರ ಕಾಲದ ಜಮೀನಿನ ಕಾಗದ ಉರ್ದುವಿನಲ್ಲಿ. ಅವ್ವನ ಶಾಲೆಯ ಪ್ರಮಾಣಪತ್ರ ಮರಾಠಿಯಲ್ಲಿ, ಬಾಳಬೋಧ ಅಕ್ಷರದಲ್ಲಿ. ಕನ್ನಡದ ಒಂದು ಅಕ್ಷರವೂ ಆ ಪೆಟ್ಟಿಗೆಯಲ್ಲಿ ಇಲ್ಲ. ಆದರೆ ಆ ಮೂವರೂ ಜಗಳ ಆಡಿದ್ದು, ಲಾಲಿ ಹಾಡಿದ್ದು, ಸಾಯುವಾಗ ನೀರು ಕೇಳಿದ್ದು ಕನ್ನಡದಲ್ಲೇ. ಇದನ್ನು ದೂರು ಅಂತ ಹೇಳುತ್ತಿಲ್ಲ. 2022ರ ಏಪ್ರಿಲ್‌ನಲ್ಲಿ 95ನೇ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ಉದಗೀರದಲ್ಲಿ ನಡೆದಾಗ ನಮ್ಮ ಬಳಗದ ಅರ್ಧ ಜನ ಹೊಸ ಬಟ್ಟೆ ಹಾಕ್ಕೊಂಡು ಹೋಗಿದ್ದರು. ಮರಾಠಿಯೂ ಅವರದೇ. ಅವರಿಗೆ ಓದಲು ಬರುವ ಲಿಪಿ ಒಂದು, ಆಡುವ ಮಾತು ಇನ್ನೊಂದು. ನನ್ನ ವಾದಕ್ಕೆ ಇಷ್ಟು ಸಾಕು.

ಇನ್ನು ಕೂಡುವ ಜಾಗದ ಮಾತು. ಹೈದರಾಬಾದ್ ಸಂಸ್ಥಾನದಲ್ಲಿ 1920ರ ದಶಕದಿಂದ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಇತ್ತು. ಸಭೆ ನಡೆಸಬೇಕಂದ್ರ ಸರ್ಕಾರದ ಅನುಮತಿ ಮೊದಲು ಪಡೀಬೇಕು. ಹೀಗಾಗಿ ಆ ಕಾಲದ ಭಾಷಾ ಚಟುವಟಿಕೆ ಹೆಚ್ಚಾಗಿ ವಾಚನಾಲಯ, ಸಾಹಿತ್ಯ ಸಂಘಗಳ ರೂಪದಲ್ಲಿ ಬೆಳೆಯಿತು. ಹೈದರಾಬಾದಿನ ಶ್ರೀಕೃಷ್ಣದೇವರಾಯ ಆಂಧ್ರ ಭಾಷಾ ನಿಲಯ 1901ರಷ್ಟು ಹಳೆಯದು. 1921ರಲ್ಲಿ ಅದೇ ಊರಿನ ಒಂದು ಸಮಾಜ ಸುಧಾರಣಾ ಸಭೆಯಲ್ಲಿ ತೆಲುಗಿನಲ್ಲಿ ಮಾತಾಡಲು ನಿಂತವರನ್ನು ಗೇಲಿ ಮಾಡಿ ಕೂಡಿಸಿದರು. ಆ ಅವಮಾನದಿಂದಲೇ ಆಂಧ್ರ ಜನ ಸಂಘ ಹುಟ್ಟಿತು. ಕನ್ನಡಿಗರ ಮತ್ತು ಮರಾಠಿಗರ ಪರಿಷತ್ತುಗಳು ಬಂದದ್ದು 1930ರ ದಶಕದಲ್ಲಿ. ಯಾರ ಜಾಗದಲ್ಲಿ ಕೂತಿದ್ದೇವೆ, ಅಲ್ಲಿ ಯಾವ ಭಾಷೆ ನಡೀತದ ಎಂಬುದು ನಮ್ಮ ಕಡೆ ನೂರು ವರ್ಷದ ಹಳೆಯ ಪ್ರಶ್ನೆ. (ಇಂಥ ಕಡೆ ಅನುಭವ ಮಂಟಪವನ್ನು ಎಳೆದು ತರುವ ಚಟ ನಮ್ಮಲ್ಲಿ ಅದ. ಕಲ್ಯಾಣ ನಮಗೆ ಹತ್ತಿರ ಅಂತ ಎಲ್ಲದಕ್ಕೂ ಅಲ್ಲಿಗೆ ಓಡುವುದು ಬೇಡ.)

ಜಾಗದ ನಕ್ಷೆಯೇ ಮಾತನ್ನು ಬದಲಿಸ್ತದ ಅನ್ನೋದಕ್ಕೆ ನಮ್ಮ ಭಾಗದ್ದೇ ಉದಾಹರಣೆ ಕಿಲ್ಲಾರಿ ಭೂಕಂಪ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ 3 ಗಂಟೆ 56 ನಿಮಿಷ. ಗಣಪತಿ ಕಳಿಸಿ ಜನ ಮಲಗಿದ್ದರು. ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ. ಔಸಾ ಮತ್ತು ಉಮರ್ಗಾ ತಾಲೂಕುಗಳಿಗೆ ಹೆಚ್ಚು ಪೆಟ್ಟು ಬಿತ್ತು, ಹತ್ತಿರ ಹತ್ತಿರ ಹತ್ತು ಸಾವಿರ ಜನ ಹೋದರು. ಆಮೇಲೆ ವಿಶ್ವಬ್ಯಾಂಕಿನ ಸಾಲದ ಯೋಜನೆಯಲ್ಲಿ 52 ಹಳ್ಳಿಗಳನ್ನು ಪೂರ್ತಿ ಬೇರೆ ಜಾಗಕ್ಕೆ ಎಬ್ಬಿಸಿ ಕಟ್ಟಿದರು. ಹೊಲ ಎಷ್ಟಿತ್ತು ಅನ್ನೋದರ ಮೇಲೆ ಮನೆ: 250, 400 ಅಥವಾ 750 ಚದರ ಅಡಿ. ನೇರ ರಸ್ತೆ, ಅಗಲ ರಸ್ತೆ, ಅಂತರ ಬಿಟ್ಟ ಮನೆಗಳು. ಗೋಡೆ ಗಟ್ಟಿ, ಅದು ಒಳ್ಳೆಯದೇ. ಸತ್ತವರನ್ನು ನೋಡಿದವರಿಗೆ ಅದರ ಬೆಲೆ ಗೊತ್ತು. ಆದರೆ ಹಳೇ ಓಣಿಯಲ್ಲಿ ಒಂದು ಮನೆಯ ಹೊಸ್ತಿಲಲ್ಲಿ ಕೂತು ಜೋಳ ಹಸನ ಮಾಡುವಾಕಿ ಎದುರು ಮನೆಯಾಕಿ ಜೋಡಿ ದನಿ ಎತ್ತದೆ ಮಾತಾಡ್ತಿದ್ದಳು. ಹೊಸ ಊರಲ್ಲಿ ರಸ್ತೆ ದಾಟಿ ಹೋಗಬೇಕು. ಹಂಗ ಹೋಗಲು ಒಂದು ಕೆಲಸದ ನೆಪ ಬೇಕು. ಅಂಥ ಹೊಸ ಊರೊಂದಕ್ಕೆ ಮದುವೆಯಾಗಿ ಹೋದ ನನ್ನ ಚಿಕ್ಕಮ್ಮ, "ಇಲ್ಲಿ ಎಲ್ಲಾ ಅದ, ಸುಮ್ನ ಕೂಡೋ ಜಾಗ ಇಲ್ಲ" ಅಂತಾಳ. ತಂತ್ರಾಂಶ ಆರಿಸುವಾಗ ನನ್ನ ತಲೆಯಲ್ಲಿ ಇದ್ದದ್ದು ಈ ಮಾತು.

ಈಗ ತಂತ್ರಾಂಶಕ್ಕೆ ಬರುತ್ತೇನೆ. ಇವುಗಳ ಚರಿತ್ರೆ ನೋಡಿದರೆ ಹುಟ್ಟಿದ್ದೇ ಸಣ್ಣ ಗುಂಪುಗಳಿಗಾಗಿ. 1978ರ ಚಳಿಗಾಲದಲ್ಲಿ ಶಿಕಾಗೋದಲ್ಲಿ ಹಿಮ ಬಿದ್ದು ಮನೆಯಲ್ಲೇ ಸಿಕ್ಕಿಕೊಂಡಾಗ ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸ್ಯೂಸ್ ತಮ್ಮ ಕಂಪ್ಯೂಟರ್ ಸಂಘದವರಿಗಾಗಿ ಸೂಚನಾಫಲಕದಂಥ ಒಂದು ವ್ಯವಸ್ಥೆ ಮಾಡಿದರು. ಒಂದು ಹೊತ್ತಿಗೆ ಒಬ್ಬರೇ ಫೋನ್ ಹಚ್ಚಿ ಓದಬಹುದಿತ್ತು. 2000ದಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಡ್ರೀಸ್ ಬೈಟಾರ್ಟ್ ಎಂಬ ವಿದ್ಯಾರ್ಥಿ ತನ್ನ ಹಾಸ್ಟೆಲಿನ ಗೆಳೆಯರಿಗಾಗಿ ಒಂದು ಸಣ್ಣ ಫಲಕ ಬರೆದ. ಅದಕ್ಕೆ ಡಚ್ ಭಾಷೆಯಲ್ಲಿ 'ಹಳ್ಳಿ' ಎಂಬ ಅರ್ಥದ 'ಡಾರ್ಪ್' ಎಂಬ ಹೆಸರು ಹುಡುಕುತ್ತಾ ಅಕ್ಷರ ತಪ್ಪಿ 'ಡ್ರಾಪ್' ಅಂತ ಟೈಪ್ ಮಾಡಿದ. ಅದೇ ಮುಂದೆ ದ್ರುಪಲ್ ಆಯಿತು. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ ನಮ್ಮ 'ಸಂಪದ' ನಿಂತದ್ದು ಅದರ ಮೇಲೆಯೇ. ಹಳ್ಳಿ ಅನ್ನಲು ಹೋಗಿ ಹನಿ ಆದ ತಂತ್ರಾಂಶದ ಮೇಲೆ ಒಂದು ಕಾಲದ ಕನ್ನಡದ ದೊಡ್ಡ ಹರಟೆ ನಡೆಯಿತು.

ದೊಡ್ಡವರ ಜಾಗದಲ್ಲಿ ಪುಕ್ಕಟೆ ಕೂತವರ ಕಥೆ ಬೇರೆ. 2004ರಲ್ಲಿ ಬಂದ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ಕ್ಕೆ ಕೊನೆಯಾಯಿತು. ಅದಕ್ಕೂ ಮೊದಲೇ ಅಲ್ಲಿನ ಹಳೆಯ ಸಂದೇಶಗಳ ಸಂಗ್ರಹ ಅಳಿಸಿಹೋಗಿತ್ತು. ಹೊರದೇಶದ ಕನ್ನಡಿಗರು ಹತ್ತಾರು ವರ್ಷ ಬರೆದುಕೊಂಡದ್ದರಲ್ಲಿ ಎಷ್ಟು ಉಳಿದಿದೆ ಎಂಬುದು ಸಾಹಿತ್ಯ ಚರಿತ್ರೆ ಓದುವ ನಾವು ಕೇಳಬೇಕಾದ ಪ್ರಶ್ನೆ. ನಾವು ತಾಳೆಗರಿ ಹುಡುಕಿಕೊಂಡು ಮಠಗಳಿಗೆ ಹೋಗ್ತೇವೆ, ಹದಿನೈದು ವರ್ಷದ ಹಿಂದಿನ ಹರಟೆ ಕೈಗೆ ಸಿಗೋದಿಲ್ಲ.

ನಮ್ಮ ಬಳಗ ಮೊದಲು ಕೂತದ್ದು ಫೋನಿನ ಒಂದು ಗುಂಪಿನಲ್ಲಿ. ಯಾವ ಆ್ಯಪ್ ಅಂತ ಹೇಳುವ ಅಗತ್ಯ ಇಲ್ಲ. ಎರಡು ವರ್ಷ ಚೆನ್ನಾಗಿ ನಡೆಯಿತು. ತೊಂದರೆ ಮೂರು ಕಡೆಯಿಂದ ಬಂತು. ಎಲ್ಲರ ಫೋನ್ ನಂಬರ್ ಎಲ್ಲರಿಗೂ ಕಾಣ್ತದ ಅಂತ ನಾಲ್ಕು ಮನೆಯ ಸೊಸೆಯಂದಿರು ಸೇರಲಿಲ್ಲ. ಹಾಡು ಹೆಚ್ಚು ಗೊತ್ತಿದ್ದದ್ದು ಅವರಿಗೇ! ಹೊಸದಾಗಿ ಬಂದವರಿಗೆ ಹಿಂದಿನ ಮಾತು ಕಾಣುತ್ತಿರಲಿಲ್ಲ. ಕೊನೆಗೆ ಎಲ್ಲವನ್ನೂ ಜೋಪಾನ ಮಾಡಿದ್ದ ಕಾಕಾ ಒಬ್ಬರ ಫೋನ್ ಸೋಲಾಪುರದ ಬಸ್ ನಿಲ್ದಾಣದಲ್ಲಿ ಕಳೆಯಿತು. ಅದರ ಜೋಡಿ ನನ್ನ ಆಯಿ ಹಾಡಿದ ಹದಿನಾರು ಬೀಸುವ ಪದ ಹೋದವು. ಆಯಿ ಅಷ್ಟೊತ್ತಿಗೆ ತೀರಿಕೊಂಡಿದ್ದಳು. ನಾಲ್ಕು ಪದ ಮಾತ್ರ ಬೇರೆಯವರ ಫೋನಿನಲ್ಲಿ ಸಿಕ್ಕವು.

ಅದಾದ ಮೇಲೆ ನಾವು ಕೂತು ಷರತ್ತು ಬರೆದೆವು. ಫೋನ್ ನಂಬರ್ ಇಲ್ಲದೆ ಬೇಕಾದ ಹೆಸರಿನಲ್ಲಿ ಸೇರಲು ಆಗಬೇಕು. ಹೊರಗಿನವರಿಗೆ ಕಾಣಬಾರದು. ಧ್ವನಿ ಕಡತ ಹಾಕಲು ಬರಬೇಕು. ಇಡೀ ಸಂಗ್ರಹವನ್ನು ಒಂದೇ ಕಡತವಾಗಿ ಇಳಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಲು ಆಗಬೇಕು. ಮತ್ತು ಒಂದೇ ಬರಹವನ್ನು ಕನ್ನಡ ಲಿಪಿಯಲ್ಲೂ ನಾಗರಿಯಲ್ಲೂ ಓದಲು ಬರಬೇಕು.

ಕೊನೆಯದು ಕೇಳಿ ಪುಣೆಯಲ್ಲಿ ಕೆಲಸ ಮಾಡುವ ನನ್ನ ಮಾವನ ಮಗ ಮೊದಲು ನಕ್ಕ, ಆಮೇಲೆ ಅವನೇ ದಾರಿ ಹೇಳಿದ. ಭಾರತೀಯ ಲಿಪಿಗಳಿಗೆ 1991ರಲ್ಲಿ ಮಾನಕವಾದ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯಲ್ಲಿ 'ಕ' ಯಾವ ಲಿಪಿಯಲ್ಲಿದ್ದರೂ ಅದಕ್ಕೆ ಒಂದೇ ಸಂಖ್ಯೆ. ಯುನಿಕೋಡ್ ಬಂದಾಗ ಲಿಪಿಗೊಂದು ಪ್ರತ್ಯೇಕ ಓಣಿ ಕೊಟ್ಟರೂ ಮನೆಗಳ ಸಾಲನ್ನು ಹಾಗೇ ಇಟ್ಟರು. ಹಂಗಾಗಿ ನಾಗರಿಯ 'ಕ'ಕ್ಕೂ ಕನ್ನಡದ 'ಕ'ಕ್ಕೂ ನಡುವೆ 896 ಸ್ಥಾನದ ಅಂತರ. 'ಅ'ಕ್ಕೂ ಅಷ್ಟೇ, 'ಳ'ಕ್ಕೂ ಅಷ್ಟೇ. ಪ್ರತಿ ಅಕ್ಷರದ ಸಂಖ್ಯೆಯಿಂದ 896 ಕಳೆದರೆ ಕನ್ನಡ ಬರಹ ನಾಗರಿಯಲ್ಲಿ ಕಾಣ್ತದ. ಒತ್ತಕ್ಷರ ತಾನಾಗಿ ಅರ್ಧಾಕ್ಷರ ಆಗ್ತದ, ಯಾಕಂದ್ರ ಒಳಗೆ ಎರಡನ್ನೂ ಬರೆದಿಡುವ ಕ್ರಮ ಒಂದೇ. ಆ ಪೆಟ್ಟಿಗೆಯಲ್ಲಿ ಮೂರು ತಲೆಮಾರು ಬಿಡಿಸದ ಗಂಟು ಒಂದು ಕಳೆಯುವ ಲೆಕ್ಕದಲ್ಲಿ ಸಡಿಲಾಯಿತು. ಆದರೆ ಈ ಲೆಕ್ಕ ಸೇರಿಸಲು ತಂತ್ರಾಂಶದ ಒಳಗೆ ಕೈ ಹಾಕಲು ಬಿಡಬೇಕು. ಬೇರೆಯವರ ಪುಕ್ಕಟೆ ಜಾಗದಲ್ಲಿ ಅದು ಆಗೋದಿಲ್ಲ.

ನಾವು ಹೆಚ್ಚು ಹೊತ್ತು ನೋಡಿದ್ದು ಎರಡನ್ನು. 2013ರಲ್ಲಿ ಬಂದ ಡಿಸ್ಕೋರ್ಸ್ ಮೊಬೈಲಿನಲ್ಲಿ ಬಹಳ ಚಂದ ಕಾಣ್ತದ. ಆದರೆ ಅದಕ್ಕೆ ಕಡಿಮೆ ಅಂದರೂ 1 ಜಿಬಿ ಮೆಮೊರಿಯ ಸ್ವಂತ ಸರ್ವರ್ ಬೇಕು, ಅದನ್ನು ನೋಡಿಕೊಳ್ಳುವವರೂ ಬೇಕು. ಇನ್ನೊಂದು ತಮಾಷೆ ಅಂದ್ರ, ಅದರ ಮೂಲ ಹೊಂದಿಕೆಯಲ್ಲಿ 20 ಅಕ್ಷರಕ್ಕಿಂತ ಸಣ್ಣ ಉತ್ತರವನ್ನು ತೆಗೆದುಕೊಳ್ಳೋದಿಲ್ಲ. ನಮ್ಮ ಮಾವಂದಿರ ಅರ್ಧ ಸಂಭಾಷಣೆ 'ಹೂಂ' ಮತ್ತು 'ಬರ‍್ರಿ'. ಹೊಂದಿಕೆ ಬದಲಿಸಬಹುದು, ನಿಜ. ಆದರೂ ಮಾತು ಅಂದರೆ ಏನು ಅಂತ ಆ ನಕ್ಷೆ ಬರೆದವರು ತಿಳಿದದ್ದು ಅದರಲ್ಲಿ ಕಾಣಿಸಿತು. ಸುಮ್ನ ಕೂಡೋರಿಗೆ ಅಲ್ಲಿ ಜಾಗ ಕಡಿಮೆ.

ಇನ್ನೊಂದು ಪಿಎಚ್‌ಪಿಬಿಬಿ. 2000ದಿಂದ ಇರುವ ಹಳೆಯದು, ನೋಡಲೂ ಹಳೆಯದೇ. ಹತ್ತಾರು ಜನ ಪಾಲುಮಾಡಿಕೊಂಡ ಅಗ್ಗದ ಸರ್ವರಿನಲ್ಲಿ ನಡೀತದ. 2007ರ ಡಿಸೆಂಬರಿನಲ್ಲಿ ಬಂದ ಮೂರನೇ ಆವೃತ್ತಿಯಿಂದ ಪೂರ್ತಿ ಯುನಿಕೋಡ್. ಹೊಸ ಸದಸ್ಯರನ್ನು ನಿರ್ವಾಹಕರು ಒಪ್ಪಿದ ಮೇಲೆಯೇ ಒಳಗೆ ಬಿಡುವ ವ್ಯವಸ್ಥೆ ಇದೆ, ಧ್ವನಿ ಕಡತ ಲಗತ್ತಿಸಬಹುದು, ಸಣ್ಣ ವಿಸ್ತರಣೆಗಳನ್ನು ನಾವೇ ಬರೆದು ಸೇರಿಸಬಹುದು. ಎರಡೂ ಮುಕ್ತ ತಂತ್ರಾಂಶಗಳೇ. ನಮ್ಮ ಹುಡುಗನಿಗೆ ಬರುವ ಭಾಷೆ ಪಿಎಚ್‌ಪಿ ಆದ್ದರಿಂದ ತಕ್ಕಡಿ ಈ ಕಡೆ ವಾಲಿತು. ನಿರ್ವಾಹಕರು ಮೂವರು, ತಾಲೂಕಿಗೊಬ್ಬರು. ಪ್ರತಿ ಅಮಾವಾಸ್ಯೆಗೆ ಒಬ್ಬೊಬ್ಬರೂ ಸಂಗ್ರಹದ ಒಂದು ಪ್ರತಿ ಇಳಿಸಿಕೊಳ್ಳಬೇಕು ಅಂತ ಕರಾರು. ಅಮಾವಾಸ್ಯೆ ಯಾಕಂದ್ರ, ತಾರೀಖು ಮರೀತಾರ, ಅದನ್ನು ಮರೆಯೋದಿಲ್ಲ.

ಚರ್ಚೆಯ ವೇಳೆ ಗುರುಗಳೊಬ್ಬರು ಕೇಳಿದ ಪ್ರಶ್ನೆ ನನ್ನನ್ನು ಈಗಲೂ ಬಿಟ್ಟಿಲ್ಲ. "ನಾಗರಿಯಲ್ಲೇ ಓದಲು ಸಿಕ್ಕರೆ ನಿಮ್ಮ ಮಕ್ಕಳು ಕನ್ನಡ ಅಕ್ಷರ ಯಾಕೆ ಕಲಿಯುತ್ತಾರೆ?" ಅಂದರು. ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಕನ್ನಡ ಅಕ್ಷರ ಕಲಿಯುವ ತನಕ ಕಾಯ್ದಿದ್ದರೆ ಆ ನಾಲ್ಕು ಸೊಸೆಯಂದಿರು ಬರುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ಈಗ ಅವರಲ್ಲಿ ಮೂವರು ಬಂದಿದ್ದಾರೆ.

ಅವರಲ್ಲೊಬ್ಬರಿಂದ ಒಂದು ಆಕ್ಷೇಪವೂ ಬಂತು. ನಮ್ಮ ಕಡೆ 'ಕೆರಿ' ಅಂದರೆ ನೀರು ನಿಲ್ಲುವ ಕೆರೆ, 'ಕೇರಿ' ಅಂದರೆ ಓಣಿ. ಮರಾಠಿ ಬರಹದಲ್ಲಿ ಹ್ರಸ್ವ ಎಕಾರಕ್ಕೆ ಬೇರೆ ಗುರುತು ಇಲ್ಲ, ಹೀಗಾಗಿ ಅಲ್ಲಿ ಎರಡೂ ಒಂದೇ. ಯುನಿಕೋಡಿನ ನಾಗರಿ ಸಾಲಿನಲ್ಲಿ ಹ್ರಸ್ವ ಎಕಾರಕ್ಕೂ ಒಂದು ಗುರುತು ಇಟ್ಟಿದ್ದಾರೆ. ಮರಾಠಿ ಓದುವವರು ಅದನ್ನು ಕಂಡಿರುವುದಿಲ್ಲ. 896 ಕಳೆದಾಗ ಅದೇ ಮೂಡಿತು. "ಅಕ್ಷರದ ತಲಿ ಮ್ಯಾಲೆ ಇದೇನು ಸೊಟ್ಟ ಗೆರಿ?" ಅಂತ ಅವರು ಬರೆದರು. ತೆಗೆದುಬಿಡೋಣ ಅಂತ ಹುಡುಗ ಅಂದ. ಎರಡು ದಿನ ಅದರ ಮೇಲೆಯೇ ಚರ್ಚೆ ನಡೆಯಿತು. ಗೆರೆ ತೆಗೆದರೆ ಹಾಡಿನಲ್ಲಿ ನೀರಿಗೆ ಹೋದ ಹೆಣ್ಣುಮಗಳು ಕೆರಿಗೆ ಹೋದಳೋ ಕೇರಿಗೆ ಹೋದಳೋ ಗೊತ್ತಾಗೋದಿಲ್ಲ ಅಂತ ಅವರಿಗೇ ಹೊಳೆಯಿತು. ಸದ್ಯ ಸೊಟ್ಟ ಗೆರೆಯನ್ನು ಉಳಿಸಿದ್ದೇವೆ.