ಉಳಿದ ಗಂಟೆ ಯಾರ ಪಾಲಾಯ್ತು?

ಸುಗ್ಗಿ ಕಾಲದಲ್ಲಿ ಚನ್ನರಾಯಪಟ್ಟಣದ ಸುತ್ತಮುತ್ತ ಕಾರಿನಲ್ಲಿ ಹೋಗಿದ್ದೀರಾ? ಟಾರು ರಸ್ತೆಯ ಮೇಲೇ ರಾಗಿ, ಹುರುಳಿ ಹರಡಿರುತ್ತಾರೆ. ಬಸ್ಸು, ಲಾರಿ ಎಲ್ಲವೂ ಅದರ ಮೇಲೇ ಹೋಗಬೇಕು. ಕಾರಿನಲ್ಲಿ ಕೂತವರು ಬೈಯುತ್ತಾರೆ. ಬೈಕಿನವರು ಜಾರಿ ಬೀಳುತ್ತಾರೆ. ಅಪಾಯ ಇದೆ, ಇಲ್ಲ ಅನ್ನಲ್ಲ. ಆದರೆ ಒಂದು ನಿಮಿಷ ಆ ರೈತನ ಕಣ್ಣಿನಿಂದ ನೋಡಿ. ಕಣ ಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ, ರೋಣಗಲ್ಲು ಸುತ್ತಿಸೋಕೆ ಅವನ ಹತ್ತಿರ ಆಳೂ ಇಲ್ಲ, ಎತ್ತೂ ಇಲ್ಲ. ಅವನ ಪಾಲಿಗೆ ಆ ರಸ್ತೆಯೇ ಬಾಡಿಗೆ ಇಲ್ಲದ ಒಕ್ಕಣೆ ಯಂತ್ರ!

ಈಗ ಟಿವಿಯಲ್ಲಿ ದಿನಾ ಸಂಜೆ ಒಂದೇ ಚರ್ಚೆ. ಕೃತಕ ಬುದ್ಧಿಮತ್ತೆ ಬಂತು, ಕೆಲಸ ಹೋಯ್ತು, ಮುಂದೇನು? ನಾನೂ ಆ ಚರ್ಚೆ ನಡೆಸಿದ್ದೇನೆ. ಆದರೆ ಈ ಪ್ರಶ್ನೆ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಹುಟ್ಟಿದ್ದಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಮನೆ ಮನೆಯ ಹಿತ್ತಲಿನಲ್ಲಿ ಅದು ಬಹಳ ಹಿಂದೆಯೇ ಬಂದು ಹೋಗಿದೆ.

ಮೊದಲು ಒನಕೆಯ ಕಥೆ. ಕೋಳಿ ಕೂಗೋ ಹೊತ್ತಿಗೆ ಎದ್ದು ರಾಗಿ ಬೀಸಬೇಕು, ಭತ್ತ ಕುಟ್ಟಬೇಕು. ಮಾಡುತ್ತಿದ್ದವರು ಯಾರು? ಹೆಣ್ಣುಮಕ್ಕಳು. ಆಮೇಲೆ ಊರಿಗೆ ಕರೆಂಟು ಬಂತು, ಹಿಟ್ಟಿನ ಗಿರಣಿ ಬಂತು, ರೈಸ್ ಮಿಲ್ಲು ಬಂತು. ಬೆಳಗಿನ ಜಾವದ ಕೆಲಸ ನಿಮಿಷಗಳಲ್ಲಿ ಮುಗಿಯಿತು. ಇದರ ಇನ್ನೊಂದು ಮುಖ ಕೂಲಿಗೆ ಭತ್ತ ಕುಟ್ಟುತ್ತಿದ್ದ ಬಡ ಹೆಂಗಸರದ್ದು. ಅವರ ಹೊಟ್ಟೆಪಾಡು ಹೋಗುತ್ತೆ ಅನ್ನೋ ಆತಂಕ ದೆಹಲಿಗೂ ಮುಟ್ಟಿತ್ತು. 1958ರಲ್ಲಿ ಅಕ್ಕಿ ಗಿರಣಿ ಉದ್ಯಮದ ನಿಯಂತ್ರಣಕ್ಕೆ ಸಂಸತ್ತು ಕಾಯ್ದೆಯನ್ನೇ ಮಾಡಿತು. ಹೊಸ ಗಿರಣಿ ಹಾಕೋಕೆ ಸರ್ಕಾರದ ಅನುಮತಿ ಬೇಕಾಯಿತು. ಕಾಯ್ದೆ ಬಂದರೂ ಒನಕೆ ಉಳಿಯಲಿಲ್ಲ. ಕುಟ್ಟೋ ಕಷ್ಟದಿಂದ ಬಿಡುಗಡೆ ಸಿಕ್ಕ ಯಾವ ಹೆಂಗಸೂ ಮತ್ತೆ ಒನಕೆ ಕೊಡಿ ಅಂತ ಕೇಳಲಿಲ್ಲ. ಕೂಲಿ ಕಳೆದುಕೊಂಡವಳ ಗತಿ ಏನಾಯ್ತು ಅಂತ ಮಾತ್ರ ಯಾರೂ ಕೇಳಲಿಲ್ಲ.

ಎರಡನೇ ಕಥೆ ಗದ್ದೆಯದ್ದು. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಪೂರ್ಣವಾಯಿತು. ನಾಲೆಯಲ್ಲಿ ನೀರು ಹರಿಯಿತು, ಭತ್ತದ ಗದ್ದೆ ಹೆಚ್ಚಾಯಿತು. ಅಂದರೆ ಅಣೆಕಟ್ಟು ಕೆಲಸ ಕಿತ್ತುಕೊಳ್ಳಲಿಲ್ಲ, ಕೆಲಸ ಹುಟ್ಟಿಸಿತು. ನಾಟಿಗೆ ಆಳು, ಕಳೆಗೆ ಆಳು, ಕೊಯ್ಲಿಗೆ ಆಳು. ಕೈಯಲ್ಲಿ ದುಡ್ಡಿಲ್ಲದ ಸಣ್ಣ ರೈತರಿಗೆ ಮುಯ್ಯಾಳಿನ ವ್ಯವಸ್ಥೆ ಇತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು.

ಈಗ ಹೊಳೆನರಸೀಪುರದ ಕಡೆ ಕೊಯ್ಲಿನ ದಿನ ಹೋಗಿ. ಕಟಾವು ಯಂತ್ರ ಗದ್ದೆಗೆ ಇಳಿದಿರುತ್ತೆ. ಹತ್ತಾರು ಜನ ಕುಡುಗೋಲು ಹಿಡಿದು ಇಡೀ ದಿನ ಮಾಡುತ್ತಿದ್ದದ್ದನ್ನು ಅದು ಒಂದೆರಡು ಗಂಟೆಯಲ್ಲಿ ಮುಗಿಸುತ್ತೆ. ಕೊಯ್ಲೂ ಅದೇ, ಒಕ್ಕಣೆಯೂ ಅದೇ. ಒಂದು ವಿಷಯ ಗಮನಿಸಿ. ಯಂತ್ರದ ಬಾಡಿಗೆ ಗಂಟೆ ಲೆಕ್ಕದಲ್ಲಿ. ಆಳಿನ ಕೂಲಿ ದಿನದ ಲೆಕ್ಕದಲ್ಲಿ. ಮನುಷ್ಯನ ಗಂಟೆಗೆ ನಮ್ಮಲ್ಲಿ ಬೆಲೆ ಕಟ್ಟೋ ಅಭ್ಯಾಸವೇ ಇರಲಿಲ್ಲ!

ಹಾಗಾದರೆ ಯಂತ್ರ ಬಂದಿದ್ದಕ್ಕೆ ಆಳು ಹೋದರಾ, ಆಳು ಸಿಗದ್ದಕ್ಕೆ ಯಂತ್ರ ಬಂತಾ? ಎರಡೂ ನಿಜ. ಮಕ್ಕಳು ಓದಿ ಬೆಂಗಳೂರಿಗೆ ಹೋದರು, ಆಳು ಕಡಿಮೆಯಾದರು, ಯಂತ್ರ ಬಂತು. ಯಂತ್ರ ಬಂದ ಮೇಲೆ ಉಳಿದವರಿಗೂ ಸುಗ್ಗಿಯ ಕೂಲಿ ಕಡಿಮೆಯಾಯ್ತು, ಅವರೂ ಹೊರಟರು.

ಎಲ್ಲ ಕಡೆ ಯಂತ್ರ ಬಂದಿದೆ ಅಂತಲೂ ಅಂದುಕೊಳ್ಳಬೇಡಿ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಕೊಣನೂರು ಕಡೆಯ ಹೊಗೆಸೊಪ್ಪು ನೋಡಿ. ಎಲೆ ಕೈಯಲ್ಲೇ ಮುರಿಯಬೇಕು, ಕೈಯಲ್ಲೇ ಕಡ್ಡಿಗೆ ಕಟ್ಟಬೇಕು. ಬ್ಯಾರನ್ ಒಳಗೆ ಹದವಾಗಿ ಬೇಯಿಸೋಕೆ ರಾತ್ರಿಯೆಲ್ಲ ನಿದ್ದೆಗೆಟ್ಟು ಬೆಂಕಿ ಕಾಯಬೇಕು. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಕೇಂದ್ರ ಶುರುವಾಗಿದ್ದು 1982ರಲ್ಲಿ. 36,000 ಕಿಲೋಮೀಟರ್ ಎತ್ತರದ ಉಪಗ್ರಹವನ್ನು ಅಲ್ಲಿ ಕೂತೇ ತಿರುಗಿಸುತ್ತಾರೆ. ಪಕ್ಕದ ತಾಲ್ಲೂಕಿನಲ್ಲಿ ಬೆಂಕಿ ಕಾಯೋಕೆ ಮನುಷ್ಯನೇ ಬೇಕು. ಯಂತ್ರ ಕಷ್ಟ ಇರೋ ಕಡೆಗೆಲ್ಲ ತಾನಾಗಿ ಬರಲ್ಲ. ಅದನ್ನು ತರೋಕೆ ದುಡ್ಡಿರೋ ಕಡೆಗೆ, ತಂದರೆ ಲಾಭ ಇರೋ ಕಡೆಗೆ ಮೊದಲು ಬರುತ್ತೆ.

ಇನ್ನು ಮೂರನೇ ಕಥೆ. ಒನಕೆ ಬಿಟ್ಟ, ಕುಡುಗೋಲು ಬಿಟ್ಟ ಹೆಣ್ಣುಮಕ್ಕಳು ಎಲ್ಲಿಗೆ ಹೋದರು? ಬೆಳಗ್ಗೆ ರಸ್ತೆ ಬದಿ ಕಾರ್ಖಾನೆ ಬಸ್ಸಿಗೆ ಕಾಯುವವರನ್ನು ನೋಡಿದರೆ ಉತ್ತರ ಸಿಗುತ್ತೆ. ಹಾಸನದ ಕೈಗಾರಿಕಾ ಪ್ರದೇಶದ ಗಾರ್ಮೆಂಟ್ಸ್‌ಗೆ ಸುತ್ತಲ ತಾಲ್ಲೂಕುಗಳಿಂದ ಬರುತ್ತಾರೆ. ತಿಂಗಳ ಸಂಬಳ ಇದೆ, ಪಿಎಫ್ ಇದೆ. ಕೂಲಿಯಲ್ಲಿ ಇಲ್ಲದ ಗೌರವ ಇದೆ. ಇದು ಸಣ್ಣ ಮಾತಲ್ಲ. ಆದರೆ ಇಲ್ಲಿ ಗಂಟೆಯದ್ದೇ ಆಟ. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್.

ಈ ಗಂಟೆಗೂ ಒಂದು ಇತಿಹಾಸ ಇದೆ. 1911ರ ಫ್ಯಾಕ್ಟರಿ ಕಾಯ್ದೆ ಬಟ್ಟೆ ಗಿರಣಿಯ ಗಂಡಾಳಿಗೆ ದಿನಕ್ಕೆ 12 ಗಂಟೆ ಮಿತಿ ಹಾಕಿತು. 1922ರಲ್ಲಿ 11, 1934ರಲ್ಲಿ 10. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ದಿನಕ್ಕೆ 9, ವಾರಕ್ಕೆ 48. ಅಂದರೆ 37 ವರ್ಷದಲ್ಲಿ ಮೂರು ಗಂಟೆ ಇಳಿಯಿತು. ಕಾರ್ಮಿಕರ ಹೋರಾಟ, ಮುಷ್ಕರಗಳಿಲ್ಲದೆ ಇದು ಆಗುತ್ತಿರಲಿಲ್ಲ. 2023ರಲ್ಲಿ ನಮ್ಮ ಕರ್ನಾಟಕ ಆ ಕಾಯ್ದೆಗೆ ತಿದ್ದುಪಡಿ ತಂದು, ಕಾರ್ಮಿಕರ ಒಪ್ಪಿಗೆ ಇದ್ದರೆ ದಿನಕ್ಕೆ 12 ಗಂಟೆವರೆಗೆ ದುಡಿಸಬಹುದು ಅಂತ ಮಾಡಿತು. ವಾರದ 48 ಗಂಟೆ ಹಾಗೇ ಇದೆ, ನಾಲ್ಕು ದಿನ ದುಡಿದರೆ ಮೂರು ದಿನ ರಜೆ ಅನ್ನೋದು ಸಮರ್ಥನೆ. ಕಾಗದದ ಮೇಲೆ ಸರಿ. ಆದರೆ ಅರಕಲಗೂಡಿನಿಂದ ಹಾಸನಕ್ಕೆ ಮೂವತ್ತು ಕಿಲೋಮೀಟರ್ ಆಸುಪಾಸು. ಆ ಬಸ್ಸಿನ ಹೊತ್ತು ಯಾವ ಲೆಕ್ಕಕ್ಕೆ? ಮನೆಗೆ ಹೋಗಿ ಮುದ್ದೆ ತೊಳಸೋ ಹೊತ್ತು ಯಾವ ಲೆಕ್ಕಕ್ಕೆ? ಟಾರ್ಗೆಟ್ ಇಟ್ಟವರ ಮುಂದೆ ನಿಂತು ‘ಒಪ್ಪಲ್ಲ’ ಅನ್ನೋ ಧೈರ್ಯ ಎಷ್ಟು ಜನಕ್ಕಿದೆ?

ಯಂತ್ರ ಬಂದರೆ ಗಂಟೆ ಇಳಿಯೋಕೆ ಸಾಧ್ಯವೇ ಇಲ್ಲ ಅನ್ನಬೇಡಿ. ಅಮೆರಿಕದ ಹೆನ್ರಿ ಫೋರ್ಡ್ 1913ರಲ್ಲಿ ಕಾರು ಜೋಡಿಸೋಕೆ ಚಲಿಸುವ ಸಾಲು ತಂದರು. ಚಾಸಿ ಜೋಡಣೆಗೆ ಹನ್ನೆರಡೂವರೆ ಗಂಟೆ ಹಿಡಿಯುತ್ತಿದ್ದದ್ದು ಸುಮಾರು ಒಂದೂವರೆ ಗಂಟೆಗೆ ಇಳಿಯಿತು. ಮರುವರ್ಷ ಕೆಲಸದ ಅವಧಿ 9ರಿಂದ 8 ಗಂಟೆಗೆ ಇಳಿಸಿ, ಕೂಲಿ 5 ಡಾಲರ್ ಮಾಡಿದರು. ಪುಣ್ಯಕ್ಕೆ ಮಾಡಿದ್ದಲ್ಲ. ಕೆಲಸಗಾರರು ಬೇಸತ್ತು ಬಿಟ್ಟು ಹೋಗುತ್ತಿದ್ದರು, ಅದಕ್ಕೆ. 1930ರಲ್ಲಿ ಅರ್ಥಶಾಸ್ತ್ರಜ್ಞ ಕೇನ್ಸ್, ನೂರು ವರ್ಷದಲ್ಲಿ ವಾರಕ್ಕೆ 15 ಗಂಟೆ ದುಡಿದರೆ ಸಾಕಾಗುತ್ತೆ ಅಂದಿದ್ದರು. 2030 ಬಾಗಿಲಲ್ಲೇ ಇದೆ. ನಮ್ಮಲ್ಲಿ ವಾರಕ್ಕೆ 70 ಗಂಟೆ ದುಡೀಬೇಕಾ ಅನ್ನೋ ಚರ್ಚೆ ನಡೆದಿದೆ!

ನಾನು ಇಂಜಿನಿಯರಿಂಗ್ ಓದಿದವನು. ಹಾಕಿದ್ದೆಷ್ಟು, ಬಂದದ್ದೆಷ್ಟು, ಭಾಗಿಸಿ, ಅದೇ ದಕ್ಷತೆ ಅಂತ ನಮಗೆ ಹೇಳಿಕೊಟ್ಟರು. ಬಂದದ್ದು ಯಾರಿಗೆ ಸೇರಬೇಕು ಅಂತ ಯಾವ ಸೂತ್ರದಲ್ಲೂ ಇರಲಿಲ್ಲ. ಅದನ್ನು ಯಂತ್ರ ತೀರ್ಮಾನ ಮಾಡಲ್ಲ. ಕಾಯ್ದೆ ಮಾಡುತ್ತೆ, ಸಂಘಟನೆ ಮಾಡುತ್ತೆ, ಮನೆಯೊಳಗೆ ಗಂಡಸರು ಮಾಡುತ್ತಾರೆ. ಒನಕೆಯಿಂದ ಉಳಿದ ಗಂಟೆ ಆ ತಾಯಿಗೆ ಸಿಗಲಿಲ್ಲ, ಇನ್ನೊಂದು ಕೆಲಸಕ್ಕೆ ಹೋಯ್ತು. ಈಗ ಕಂಪ್ಯೂಟರ್ ಉಳಿಸೋ ಗಂಟೆಯೂ ಹಾಗೇ ಹೋಗಬೇಕಾ?

ಮುಂದಿನ ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ ಕಂಡರೆ ಗಾಡಿ ನಿಧಾನ ಮಾಡಿ. ಬೈಯೋಕೆ ಮುಂಚೆ ಈ ಲೆಕ್ಕ ಒಂದು ಸಲ ಹಾಕಿ ನೋಡಿ.