ಸಾವಿರ ಗಂಟೆಗಳ ಲೆಕ್ಕ

1872ರಲ್ಲಿ ಬಾಸ್ಟನ್ನಿನ ಒಂದು ಮಹಿಳಾ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಸೇರಿದ ಲಿಂಡಾ ರಿಚರ್ಡ್ಸ್‌ಗೆ ಕೆಲಸ ಯಾವುದು, ಓದು ಯಾವುದು ಎಂಬ ಪ್ರಶ್ನೆಯೇ ಎದುರಾಗಲಿಲ್ಲ. ಬೆಳಿಗ್ಗೆ ಐದೂವರೆಗೆ ಏಳಬೇಕು, ರಾತ್ರಿ ಒಂಬತ್ತಕ್ಕೆ ವಾರ್ಡಿನಿಂದ ಬಿಡುಗಡೆ. ಬಿಡುಗಡೆ ಅಂದರೂ ಮಲಗುವುದು ವಾರ್ಡುಗಳ ನಡುವಿನ ಸಣ್ಣ ಕೋಣೆಯಲ್ಲಿ. ರಾತ್ರಿ ರೋಗಿ ಕರೆದರೆ ಎದ್ದು ಹೋಗಬೇಕು. ಎರಡು ವಾರಕ್ಕೊಮ್ಮೆ ಮಧ್ಯಾಹ್ನ ಎರಡರಿಂದ ಐದರವರೆಗೆ ರಜೆ. ಪಠ್ಯಪುಸ್ತಕ ಇರಲಿಲ್ಲ, ಕೊನೆಗೆ ಪರೀಕ್ಷೆಯೂ ಇರಲಿಲ್ಲ. 1873ರಲ್ಲಿ ಹೊರಬಂದಾಗ ಅವರು ಅಮೆರಿಕದಲ್ಲಿ ತರಬೇತಿ ಪಡೆದ ಮೊದಲ ನರ್ಸ್ ಎಂದು ಹೆಸರಾದರು.

ಈ ಏರ್ಪಾಟಿನ ಮೂಲ ಲಂಡನ್ನಿನಲ್ಲಿದೆ. 1860ರಲ್ಲಿ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಶಾಲೆ 15 ಹೆಣ್ಣುಮಕ್ಕಳೊಂದಿಗೆ ಶುರುವಾಯಿತು. ಊಟ, ವಸತಿ, ಸಮವಸ್ತ್ರ, ಕೈಗಿಷ್ಟು ಹಣ. ಬದಲಿಗೆ ವಾರ್ಡಿನ ಕೆಲಸ. ಆ ಶಾಲೆಯ ಬೆನ್ನಿಗೆ ಸಾರ್ವಜನಿಕರು ಕೊಟ್ಟ ನಿಧಿ ಇತ್ತು. ಅಮೆರಿಕದ ಆಸ್ಪತ್ರೆಗಳು ಮಾದರಿಯನ್ನು ತೆಗೆದುಕೊಂಡವು, ನಿಧಿಯ ಮಾತು ಬಿಟ್ಟವು. ಶಾಲೆ ತೆರೆದರೆ ಅಗ್ಗದಲ್ಲಿ ಆಳು ಸಿಗುತ್ತದೆ ಎಂಬ ಲೆಕ್ಕ ಬೇಗ ಅರ್ಥವಾಯಿತು. ವಾರ್ಡು ನಡೆಸುತ್ತಿದ್ದವರು ವಿದ್ಯಾರ್ಥಿನಿಯರು. ಕಲಿತು ಮುಗಿಸಿದವರಲ್ಲಿ ಹೆಚ್ಚಿನವರಿಗೆ ಅದೇ ಆಸ್ಪತ್ರೆಯಲ್ಲಿ ನೌಕರಿ ಇಲ್ಲ; ಉಳ್ಳವರ ಮನೆಗಳಲ್ಲಿ ರೋಗಿ ನೋಡಿಕೊಳ್ಳುವ ಕೆಲಸ ಹುಡುಕಬೇಕು.

ನಮ್ಮ ‘ಶುಶ್ರೂಷೆ’ ಎಂಬ ಪದದಲ್ಲೂ ಈ ತೊಡಕು ಅಡಗಿದೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ‘ಕೇಳುವ ಬಯಕೆ’. ಗುರುವಿನ ಮಾತಿಗೆ ಕಿವಿಗೊಡುವವನು ಗುರುವಿನ ಸೇವೆಯನ್ನೂ ಮಾಡಬೇಕಿತ್ತಲ್ಲ, ಹಾಗೆ ಪದ ಸೇವೆಯ ಕಡೆ ಸರಿದು, ಕಡೆಗೆ ರೋಗಿಯ ಆರೈಕೆಗೆ ಬಂದು ನಿಂತಿತು. ಕಲಿಯುವವರು ದುಡಿದೇ ಋಣ ತೀರಿಸಬೇಕು ಎಂಬ ಲೆಕ್ಕ ಲಂಡನ್ನಿನದಷ್ಟೇ ಅಲ್ಲ.

ಈ ಗಂಟನ್ನು ಬಿಡಿಸಲು ಹೊರಟವರಲ್ಲಿ ಮುಖ್ಯರಾದವರು ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ನರ್ಸಿಂಗ್ ಶಾಲೆಯ ಮುಖ್ಯಸ್ಥೆ ಅಡಿಲೇಡ್ ನಟಿಂಗ್. 1890ರ ದಶಕದಲ್ಲಿ ಅವರು ಕೋರ್ಸನ್ನು ಮೂರು ವರ್ಷಕ್ಕೆ ಏರಿಸಿ, ದಿನದ ಕೆಲಸವನ್ನು ಎಂಟು ಗಂಟೆಗೆ ಇಳಿಸಿದರು. ಜೊತೆಗೆ ವಿದ್ಯಾರ್ಥಿನಿಯರಿಗೆ ತಿಂಗಳು ತಿಂಗಳು ಕೊಡುತ್ತಿದ್ದ ಹಣವನ್ನೂ ನಿಲ್ಲಿಸಿದರು. ಮೇಲ್ನೋಟಕ್ಕೆ ಕ್ರೂರ ಅನಿಸುತ್ತದೆ. ಆದರೆ ಆ ಹಣ ಸಿಗುವ ತನಕ ಆಸ್ಪತ್ರೆಯ ಕಣ್ಣಿಗೆ ಆಕೆ ಕೆಲಸದವಳೇ. ಹಣ ನಿಂತರೆ ಮಾತ್ರ ವಿದ್ಯಾರ್ಥಿ ಎಂದು ಹಕ್ಕಿನಿಂದ ಹೇಳಬಹುದು. ಆ ಕಾಲಕ್ಕೆ ಅದು ಸರಿಯಾದ ನಡೆಯೇ. ಅದರ ಬಾಕಿ ಮುಂದೆ ಯಾರ ಹೆಗಲಿಗೆ ಬಿತ್ತು ಎಂಬುದು ಬೇರೆ ಕಥೆ.

1923ರಲ್ಲಿ ಜೋಸೆಫಿನ್ ಗೋಲ್ಡ್‌ಮಾರ್ಕ್ ಬರೆದ ವರದಿ, ಆಸ್ಪತ್ರೆಯ ಅಗತ್ಯವೂ ಶಾಲೆಯ ಅಗತ್ಯವೂ ಒಂದೇ ಅಲ್ಲ ಎಂದು ತೋರಿಸಿತು. ಅದೇ ವರ್ಷ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಯೇಲ್ ವಿಶ್ವವಿದ್ಯಾಲಯದಲ್ಲಿ ನರ್ಸಿಂಗ್ ಶಾಲೆ ತೆರೆಯಿತು. ಉಳಿದ ಕಡೆ ಬದಲಾವಣೆ ನಿಧಾನ, ಆದರೆ ದಿಕ್ಕು ಅದೇ: ನರ್ಸ್ ಓದಬೇಕಾದದ್ದು ವಿಶ್ವವಿದ್ಯಾಲಯದಲ್ಲಿ, ಶುಲ್ಕ ಕಟ್ಟಿ. 1965ರಲ್ಲಿ ಕೊಲೊರಾಡೋದಲ್ಲಿ ಲೊರೆಟಾ ಫೋರ್ಡ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಸೇರಿ ನರ್ಸ್ ಪ್ರಾಕ್ಟೀಷನರ್ ತರಬೇತಿ ಆರಂಭಿಸಿದರು. ಅಲ್ಲಿಗೆ ಸೇರಿದವರು ಆಗಲೇ ನರ್ಸುಗಳು. ಅಂದರೆ ಮನೆ, ಮಕ್ಕಳು, ಸಾಲ, ಸಂಬಳ ಎಲ್ಲ ಇರಬಹುದಾದವರು.

ಈಗ ಅಂಕಿಗಳಿಗೆ ಬರೋಣ. ನರ್ಸ್ ಪ್ರಾಕ್ಟೀಷನರ್ ಆಗಲು ರೋಗಿಗಳ ಜೊತೆ ಕನಿಷ್ಠ 500 ಗಂಟೆ ಕಳೆಯಬೇಕೆಂದಿತ್ತು. 2022ರ ಮಾನದಂಡ ಅದನ್ನು 750ಕ್ಕೆ ಏರಿಸಿತು. ಡಾಕ್ಟರ್ ಆಫ್ ನರ್ಸಿಂಗ್ ಪ್ರಾಕ್ಟೀಸ್ ಎಂಬ ಪದವಿಗೆ, 2006ರಲ್ಲಿ ಹೊರಬಂದ ದಾಖಲೆಯ ಪ್ರಕಾರ, ಬಿಎಸ್‌ಸಿ ನಂತರ ಒಟ್ಟು 1,000 ಗಂಟೆ. ಅಮೆರಿಕದ ಆಸ್ಪತ್ರೆ ನರ್ಸಿಗೆ ವಾರಕ್ಕೆ ಹನ್ನೆರಡು ಗಂಟೆಯ ಮೂರು ಪಾಳಿ ಸಾಮಾನ್ಯ. ಉಳಿದ ನಾಲ್ಕು ದಿನಗಳಲ್ಲಿ ಎರಡನ್ನು ಎಂಟೆಂಟು ಗಂಟೆಯಂತೆ ಕ್ಲಿನಿಕ್ಕಿಗೆ ಕೊಟ್ಟರೂ ಸಾವಿರ ಮುಟ್ಟಲು 62 ವಾರ ದಾಟಬೇಕು. ವಾರಕ್ಕೆ 52 ಗಂಟೆ, ಅದೂ ಪಾಠ, ಬರವಣಿಗೆ ಸೇರಿಸದೆ. ಆ ಹದಿನಾರು ಗಂಟೆಗೆ ಸಾಮಾನ್ಯವಾಗಿ ಸಂಬಳವಿಲ್ಲ. ಮೇಲ್ವಿಚಾರಣೆಗೆ ಒಪ್ಪುವ ಅನುಭವಿಯೊಬ್ಬರನ್ನು ಎಷ್ಟೋ ಕಡೆ ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಆ ಕ್ಲಿನಿಕ್ ತೆರೆದಿರುವುದು ವಾರದ ದಿನಗಳ ಹಗಲಿನಲ್ಲಿ. ಹಾಗಾಗಿ ಎಷ್ಟೋ ಜನ ರಾತ್ರಿ ಪಾಳಿಗೆ ಬದಲಾಯಿಸಿಕೊಳ್ಳುತ್ತಾರೆ. ಕೆಲಸ ಬಿಡೋಣವೆಂದರೆ ಆರೋಗ್ಯ ವಿಮೆ ಬರುವುದೂ ಆ ಕೆಲಸದಿಂದಲೇ.

ಭಾರತದಲ್ಲಿ ಕಥೆ ಬೇರೆ ದಾರಿ ಹಿಡಿಯಿತು. 1946ರಲ್ಲಿ ದೆಹಲಿಯಲ್ಲಿ ಆರಂಭವಾದ, ಈಗ ರಾಜಕುಮಾರಿ ಅಮೃತ್ ಕೌರ್ ಹೆಸರಿನಲ್ಲಿರುವ ಕಾಲೇಜಿನಲ್ಲಿ 1959ರಿಂದ ನರ್ಸಿಂಗ್ ಸ್ನಾತಕೋತ್ತರ ಪದವಿ ಇದೆ. ಇಲ್ಲಿ ಎಂಎಸ್‌ಸಿ ಎಂದರೆ ಪೂರ್ಣಾವಧಿ ಓದು. ಸೇರಲು ಒಂದು ವರ್ಷದ ಕೆಲಸದ ಅನುಭವ ಬೇಕು, ಸೇರಿದ ಮೇಲೆ ಆ ಕೆಲಸ ಇರುವಂತಿಲ್ಲ. ಸರ್ಕಾರಿ ಸೇವೆಯಲ್ಲಿದ್ದವರಿಗೆ ಡೆಪ್ಯುಟೇಷನ್ ದಾರಿಯುಂಟು. ಖಾಸಗಿ ಆಸ್ಪತ್ರೆಯವರು ರಾಜೀನಾಮೆ ಬರೆಯುತ್ತಾರೆ. ಎರಡು ದೋಣಿಯ ಮೇಲೆ ಕಾಲಿಡುವ ಕಷ್ಟ ತಪ್ಪಿತು, ಎರಡು ವರ್ಷ ಸಂಬಳವೂ ತಪ್ಪಿತು. ಊರಿಗೆ ದುಡ್ಡು ಕಳಿಸಬೇಕಾದ ನರ್ಸ್ ಅರ್ಜಿಯನ್ನೇ ಹಾಕುವುದಿಲ್ಲ.

ಅಮೆರಿಕದಲ್ಲಿ ಅರ್ಜಿ ಹಾಕಿದವರು ಗಂಟೆಗಳ ದಾಖಲೆ ಇಡುತ್ತಾರೆ: ದಿನಾಂಕ, ನೋಡಿದ ರೋಗಿಗಳು, ಮೇಲ್ವಿಚಾರಕರ ಸಹಿ. ರಾತ್ರಿಯಿಡೀ ಐಸಿಯುನಲ್ಲಿ ನಿಂತು ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ ಮುಟ್ಟಿದವರೂ ಆ ರಾತ್ರಿಯ ಹನ್ನೆರಡು ಗಂಟೆಯನ್ನು ಸಾಮಾನ್ಯವಾಗಿ ಅದರಲ್ಲಿ ಬರೆಯುವಂತಿಲ್ಲ. ಅದಕ್ಕೆ ಸಂಬಳ ಸಿಕ್ಕಿದೆ. ಅದು ಓದಲ್ಲ, ಕೆಲಸ.